ಆರು ತಿಂಗಳಿಗೊಮ್ಮೆ

ತಿಂಗಳ ಮೊದಲ ಸೋಮವಾರ ನನ್ನ ಕೆಲಸ ಇಷ್ಟೇ:
ಆಸ್ಪತ್ರೆಯ ಎರಡನೇ ಮಹಡಿ, ಕೂಲರ್ ಹಿಂದಿನ ಮೇಜು,
ಎಡಕ್ಕೆ ಪಟ್ಟಿ, ಬಲಕ್ಕೆ ಫೋನು.
ಕೀಮೋ ಮುಗಿಸಿ ಹೋದವರು
ಇದ್ದಾರೋ ಇಲ್ಲವೋ ಕೇಳಬೇಕು.
ಹಾಗಂತ ಕೇಳಬಾರದು, ಡಾಕ್ಟರ್ ಹೇಳಿದ್ದಾರೆ.
"ಆರಾಮ ಅದೀರಿಲ್ರಿ?" ಅನ್ನಬೇಕು.
ಕಲಬುರಗಿಯಲ್ಲಿ ಎಲ್ಲರೂ ಎಲ್ಲರಿಗೂ ಅನ್ನುವ ಮಾತು.
ಈ ಮೇಜಿನ ಮೇಲೆ ಅದಕ್ಕೆ ತೂಕ ಬೇರೆ.

ಖಾನೆ ಮೂರು.
ಜೀವಂತ. ಮೃತ. ಸಂಪರ್ಕವಿಲ್ಲ.

ನಲವತ್ತೊಂದು, ಸೇಡಂ ಕಡೆಯ ಸೂಗಮ್ಮ.
ಎದೆಯದು, ಎಂಟು ಸೈಕಲ್,
ಗಡ್ಡೆ ಪೂರ್ತಿ ಕರಗಿತ್ತೆಂದು ಕಡತದಲ್ಲಿದೆ.
ಮೊಮ್ಮಗ ಎತ್ತಿದ. "ಆಯಿ ಇಲ್ಲ."
ನನ್ನ ಪೆನ್ನು ನಿಂತಿತು.
"ಎಲ್ಲಿ ಹೋಗ್ಯಾಳಪಾ?"
"ನಳದ ಕಡಿ. ಜಗಳಾಡ್ಲಿಕ್ಕ."
ಜೀವಂತ, ಅಂತ ಗುರುತು ಹಾಕಿದೆ.
ಜಗಳ ಬರೆಯಲು ಖಾನೆ ಇಲ್ಲ.

ಅರವತ್ತಾರು, ವಾಡಿಯ ಮಕ್ತುಂಸಾಬ್,
ಸಿಮೆಂಟ್ ಫ್ಯಾಕ್ಟರಿಯ ಕ್ರೇನ್ ಡ್ರೈವರ್.
ಎರಡು ಸಲ ಹೆಂಡತಿಯೇ ಎತ್ತಿ
"ಸೊಲ್ಲಾಪುರಕ್ಕ ಹೋಗ್ಯಾರ್ರೀ" ಅಂದಿದ್ದರು.
ಗಂಡನ ನಂಬರಿಗೆ ತಿಂಗಳು ತಿಂಗಳು ರೀಚಾರ್ಜ್ ಹಾಕಿಸುತ್ತಿದ್ದದ್ದು
ನನಗೇನು ಗೊತ್ತು.
ಮೂರನೇ ಸಲ ಬಹಳ ಹೊತ್ತು ಸುಮ್ಮನಿದ್ದು
"ಬರಕೋ ಬೇಟಿ" ಅಂದರು.
ತಾರೀಖು?
"ತೊಗರಿ ಹೂವಿನ್ಯಾಗಿತ್ತು. ಚಾಂದ್ ಕಂಡ ಮರುದಿನ, ಜುಮ್ಮಾ."
ಕಂಪ್ಯೂಟರಿಗೆ ತೊಗರಿ ಹೂ ತಿಳಿಯುವುದಿಲ್ಲ.
ಗೋಡೆಯ ಕ್ಯಾಲೆಂಡರ್ ಹಿಂದೆ ಮಗುಚಿ, ಬೆರಳಿಟ್ಟು ಎಣಿಸಿ,
ಒಂದು ಶುಕ್ರವಾರ ಹುಡುಕಿದೆ.
ಒತ್ತಿದೆ.
ಗೆರೆ ಒಂದು ಪಾವಟಿಗೆ ಇಳಿಯಿತು.

ಗೆರೆ ಅಂದರೆ,
ಡಾಕ್ಟರ ಪರದೆಯ ಮೇಲೆ ನೂರರಿಂದ ಹೊರಟು ಬಲಕ್ಕೆ ನಡೆಯುವುದು.
ಒಬ್ಬರು ಹೋದರೆ ಒಂದು ಪಾವಟಿಗೆ ಕೆಳಗೆ.
ಇಲ್ಲಿಯ ಕೋಟೆಯವೂ ಹಾಗೇ, ಒಂದರ ಎತ್ತರ ಇನ್ನೊಂದಕ್ಕಿಲ್ಲ.
ಕೊನೆಕೊನೆಗೆ ದೊಡ್ಡವಾಗುತ್ತವೆ,
ಉಳಿದವರು ಕಡಿಮೆ, ಒಬ್ಬೊಬ್ಬರ ಭಾರ ಹೆಚ್ಚು.
ಡಾಕ್ಟರ್ ಪಾವಟಿಗೆ ಎಣಿಸುತ್ತಾರೆ.
ನಾನು ನೋಡುವುದು ನಡುವಿನ ಸಪಾಟು:
ಯಾರೂ ಸಾಯದ ಹನ್ನೊಂದು ವಾರ.
ಅದರ ಮೇಲೆ ಯಾರೋ ರೊಟ್ಟಿ ಬಡಿಯುತ್ತಿದ್ದಾರೆ.
ಯಾರದೋ ಕಾಲಿನ ಜೋಮು ಇನ್ನೂ ಹೋಗಿಲ್ಲ, ಚಪ್ಪಲಿ ಜಾರಿದ್ದೇ ತಿಳಿಯುವುದಿಲ್ಲ.
ಯಾರಿಗೋ ಕೂದಲು ಮತ್ತೆ ಬಂದಿದೆ, ಈ ಸಲ ಗುಂಗುರು ಗುಂಗುರು;
ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ಕಾರ್ಡು ಎರಡೆರಡು ಸಲ ನೋಡಿ
ಕಡೆಗೆ ಟಿಕೆಟು ಹರಿದುಕೊಡುತ್ತಾನೆ.

ನೂರಾ ಹನ್ನೆರಡು, ಆಳಂದದ ಕಲ್ಯಾಣರಾವ್ ಮಾಸ್ತರ್.
ಐದನೇ ಕರೆ.
"ತಂಗಿ, ನಿನ್ನ ನಂಬರ್ ಕಂಡ್ರ ಎದಿ ಧಸಕ್ ಅಂತದ.
ಐದೂವರಿ ತಿಂಗಳ ಮರತಿರ್ತೀನಿ,
ನೀ ನೆನಪ್ ಮಾಡ್ತಿ.
ಇನ್ನ ಮ್ಯಾಲ ಮಾಡಬ್ಯಾಡ."
"ಏನಂತ ಬರೀಲ್ರಿ ಸರ್?"
"ನಿನಗ ತಿಳದಂಗ ಬರಿ."
ಬರೆದೆ: ಸಂಪರ್ಕವಿಲ್ಲ.
ಅಂಥವರಿಗೆ ಗೆರೆಯ ಮೇಲೆ ಒಂದು ಸಣ್ಣ ನಿಂತ ಗೀಟು.
ಪಾವಟಿಗೆ ಇಳಿಯುವುದಿಲ್ಲ.
ಇಲ್ಲಿಯತನಕ ಇದ್ದರು, ಮುಂದಿನದು ಗೊತ್ತಿಲ್ಲ,
ಅಷ್ಟನ್ನೇ ಹೇಳುವ ಗೀಟು.
ಅದು ನಮ್ಮೆಲ್ಲರ ಮೇಲೂ ಇದೆ ಅಂತ
ಒಮ್ಮೆ ಊಟದ ಡಬ್ಬಿ ತೆರೆಯುವಾಗ ಅನ್ನಿಸಿತ್ತು.
ಆಮೇಲೆ ಊಟ ಮಾಡಿದೆ.

ಏಳು ತಿಂಗಳಾಯಿತು.
ನಿನ್ನೆ ಸಂಜೆ ಸೂಪರ್ ಮಾರ್ಕೆಟಿನ ತರಕಾರಿ ಸಾಲಿನಲ್ಲಿ
ಬೆನ್ನ ಹಿಂದೆ ಒಂದು ದನಿ:
"ಏ, ಲಿಂಬಿಹಣ್ಣ ಹತ್ತಕ್ಕ ಆರು ಕೊಡು. ಎಂಟ್ ವರ್ಷದಿಂದ ಬರ್ಲಿಕತ್ತೀನಿ."
ಮುಖ ನಾನು ಕಂಡಿಲ್ಲ. ಆ "ಏ" ಗೊತ್ತು.
ಸೆರಗು ತಲೆಯ ಮೇಲೆಳೆದುಕೊಂಡೆ, ಯಾಕೋ,
ಅವರಿಗೂ ನನ್ನ ಮುಖ ಗೊತ್ತಿಲ್ಲವಲ್ಲ,
ಗೊತ್ತಿರುವುದು ದನಿಯೊಂದೇ.
ಬಾಯಿ ಬಿಟ್ಟರೆ ಎದೆ ಧಸಕ್ಕೆನ್ನುತ್ತದೆ.
"ಏನ್ ಬೇಕ್ರಿ ಅಕ್ಕಾ?" ಅಂಗಡಿಯವನು.
ನಾನು ಬೆರಳು ತೋರಿಸಿದೆ.
"ಎಷ್ಟ್ರಿ?"
ಮತ್ತೆ ಬೆರಳು.
ಮಾಸ್ತರು ಆರು ಲಿಂಬೆ ಎಣಿಸಿ, ಏಳನೆಯದನ್ನು ಜಗಳಾಡಿ ತೆಗೆದು,
ಚೀಲ ಹೆಗಲಿಗೇರಿಸಿ ಆಳಂದ ಬಸ್ಸಿನ ಕಡೆ ಹೋದರು.

ಮಾತಾಡದೆ ಒಂದು ಕಿಲೋ ಬದನೆ ತಂದಿದ್ದೇನೆ.
ಬೇಕಿದ್ದದ್ದು ಬೆಂಡೆ.